ಒಂದು ವರ್ಷ ಮುಟ್ಟಬಾರದ ಗಿಡ

ಭದ್ರಾವತಿಗೆ ಹೊರಟ ಬಸ್ಸಿನಲ್ಲಿ ನವ್ಯಾಳ ಮುಂದಿನ ಸೀಟಲ್ಲಿ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಗಂಡನ ತೊಡೆಯ ಮೇಲೆ ಕುಂಡದಲ್ಲೊಂದು ಗೇಣುದ್ದದ ಜೂನಿಪರ್ ಬೋನ್ಸಾಯ್, ಕತ್ತರಿಸಿ ಕುಳ್ಳಗೆ ಬೆಳೆಸಿದ ಮರ.

"ಕಲ್ಲಮ್ಮಾ, ಕತ್ತರಿ ಕೊಡೇ. ಈ ರೆಂಬೆ ಅಡ್ಡ ಬಂದಿದೆ."

"ಬೇಡ. ಹಸಿರು ಪೂರ್ತಿ ತೆಗೆದ್ರೆ ರೆಂಬೆ ಮತ್ತೆ ಚಿಗುರಲ್ಲ ಅಂತ ಬೋನ್ಸಾಯ್ ಕ್ಲಾಸಲ್ಲಿ ಹೇಳಲಿಲ್ವಾ?"

"ತುದಿ ಮಾತ್ರ, ಮಾರಾಯ್ತಿ."

"ಹೋದ ಗಿಡಕ್ಕೂ ಹಿಂಗೇ ಅಂದ್ರಿ. ಅದು ಸತ್ತ ಮೇಲೂ ಒಂದು ತಿಂಗಳು ಹಸಿರಾಗೇ ಇತ್ತು, ನೀವು ಕತ್ತರಿಸ್ತಾನೇ ಇದ್ರಿ."

ನವ್ಯಾ ಮೊಬೈಲಿಂದ ತಲೆಯೆತ್ತಿದಳು.

"ಇದು ಬೇರೂರಬೇಕು, ಇನ್ನೊಂದು ವರ್ಷ ಮುಟ್ಟೋ ಹಾಗಿಲ್ಲ," ಎಂದರು ಕಲ್ಲಮ್ಮ.

"ಮೂವತ್ತು ವರ್ಷ ಫ್ಯಾಕ್ಟರೀಲಿ ಲೇತ್ ಮೆಷಿನ್ ಮೇಲೆ ಆಡಿದ ಕೈ ಕಣೇ. ವರ್ಷಪೂರ್ತಿ ಈ ಕೈಗೆ ಏನು ಹೇಳ್ಲಿ?"

ಸ್ಟಾಪ್ ಬಂದಾಗ ಕಲ್ಲಮ್ಮ ಕುಂಡವನ್ನು ತಾವೇ ಒಂದು ಕೈಲಿ ಎತ್ತಿಕೊಂಡು, ಇನ್ನೊಂದನ್ನು ಗಂಡನತ್ತ ಚಾಚಿದರು.

"ನಂಗೆ ಮಂಡಿ ನೋವು. ಕೈ ಹಿಡಿದು ಇಳಿಸಿ," ಎಂದರು.