ಹರಿದ ದನಿ

ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಅನಸೂಯಾಬಾಯಿಯ ಪಕ್ಕ ಇಬ್ಬರು ದನಿ ದೊಡ್ಡದು ಮಾಡುವ ಹಳೆಯ ವಾಲ್ವ್ ಆಂಪ್ಲಿಫೈಯರ್ ಪೆಟ್ಟಿಗೆಯೊಂದನ್ನು ಇಳಿಸಿ ಕುಳಿತರು. ಒಬ್ಬ ಗಿಟಾರು ಹಿಡಿದ ಜಹಾಂಗೀರ. ಇನ್ನೊಬ್ಬ ಅದನ್ನು ಬಸ್ಸಿಗೇರಿಸಿ ಕಳಿಸಲು ಬಂದ, ಮುಚ್ಚಿಹೋದ ಟೂರಿಂಗ್ ಟಾಕೀಸಿನ ಆಪರೇಟರ್ ಫಕ್ಕೀರಸಾಬ.

“ಚಾಚಾ, ಇದರಾಗ ಗಿಟಾರಿನ ದನಿ ಭಾಳ ಸಾಫ್ ಬರಾಕತ್ತೇತಿ. ಇಂಗ್ಲಿಷ್ ಕ್ಯಾಸೆಟ್ಟಿನ್ಯಾಗ ಗಿಟಾರು ಅರಿವಿ ಹರದಂಗ ಕೇಳ್ತೇತಿ.”

“ದನಿ ಹರೀಬಾರ್ದಂತನ ಟಾಕೀಸಿನ್ಯಾಗ ಇದನ್ನ ಜ್ವಾಕಿ ಮಾಡೇನಪಾ.”

“ವಾಲ್ಯೂಮ್ ಪೂರಾ ಏರಿಸಿದ್ರ ಆ ದನಿ ಬರ್ತೇತ್ರಿ.”

“ಒಳಗಿನ ಗಾಜಿನ ವಾಲ್ವ್ ಸುಟ್ಟರ? ಈಗ ಎಲ್ಲೂ ಸಿಗಂಗಿಲ್ಲ.”

“ಹಂಗಾರ ಬ್ಯಾಡ ಬಿಡ್ರಿ.”

ಫಕ್ಕೀರಸಾಬ ಪೆಟ್ಟಿಗೆಯ ಧೂಳು ಒರೆಸುತ್ತ ಕುಳಿತ. ಮುದುಕ ಇನ್ನು ಒಪ್ಪುವುದಿಲ್ಲವೆಂದೇ ಅನಸೂಯಾಬಾಯಿಗೆ ಅನಿಸಿತು. ಆದರೆ ಅವನು ತಲೆ ಎತ್ತಿದ.

“ಮನ್ಯಾಗ ಸುಮ್ನ ಕುಂತು ಇದಾರ ಏನ್ ಮಾಡ್ತೇತಿ? ಏರಸೂಣು. ಆದರ ಏರಸಾಂವ ನಾನ.”

“ಹಾವೇರಿ ಪ್ರೋಗ್ರಾಮಿಗೂ ಬರ್ತೀರೇನು?”

“ಮತ್ತ? ಇದನ್ನ ಒಂದ ಕಳಸ್ಲೇನು?”

ಹಾವೇರಿ ಬಸ್ಸು ಬಂತು. ಇಬ್ಬರೂ ಪೆಟ್ಟಿಗೆಯನ್ನು ಎರಡು ಕಡೆಯಿಂದ ಹಿಡಿದು ಮೆಲ್ಲಗೆ ಹತ್ತಿದರು.