ಅಪ್ಪನ ವರ್ಗಾವಣೆ ದಿಲ್ಲಿ ತನಕ ಹೋದದ್ದು

ಅಲ್ಲ, ನಮ್ಮ ಸಂಪಾದಕಜೀ ಕೆಟ್ಟ ಮನುಷ್ಯಾ ಅಂತ ನಾ ಎಲ್ಲಿ ಹೇಳಿದೆ? ಲಂಚ ತಿನ್ನೋರಲ್ಲ, ಕುಡಿಯೋರಲ್ಲ, ಎಂಪಿ ಆದ ಮ್ಯಾಲೂ ಕಾರಿನ ಗಾಜು ಇಳಿಸಿ ಮಾತಾಡ್ಸೋರು. ಚಟ ಒಂದೇ. ನೀ ನಿನ್ನ ಕಷ್ಟ ಅರ್ಧ ಹೇಳೋದ್ರಾಗ ಅವರಿಗೆ ಅದರಾಗೊಂದು ಹೆಡ್ಡಿಂಗ್ ಕಾಣ್ತಿತ್ತು, ಕಂಡಮ್ಯಾಲೆ ಉಳಿದರ್ಧ ಕೇಳ್ತಿರಲಿಲ್ಲ. ಈಶಾ, ಆ ಫೋನ್ ಕೆಳಗಿಡು. ಮರಾಠಿದಾಗ ಹೇಳು ಅತ್ತಿ ಅಂತೀಯಲ್ಲ, ಹೇಳಂಗಿಲ್ಲ. ಇದು ನಿಮ್ಮ ಆಯಿ, ಅಂದ್ರ ನಮ್ಮವ್ವನ ವಿಷಯ, ಆಕಿಗೆ ಕೊನಿತನ ಮರಾಠಿ ಬರಲಿಲ್ಲ, ಕನ್ನಡದಾಗೇ ಕೇಳು.

ನಾಶಿಕದಾಗ ಸಾತಪುರದ ಕಡೆ ನಮ್ಮ ಬಾಡಿಗಿ ಮನಿ. ಅಪ್ಪ, ಅಂದ್ರ ನಿಮ್ಮಜ್ಜ, ಬೀದರದಿಂದ ಸೆಂಟ್ರಲ್ ಗೌರ್ಮೆಂಟ್ ನೌಕರಿ ಮ್ಯಾಲೆ ಬಂದವರು. ನಾ ಬಿ.ಎ. ಮುಗಿಸಿ ಒಂದು ಮರಾಠಿ ಪೇಪರಿನಾಗ ಟೈಪಿಂಗಿಗೆ ಸೇರಿದ್ದೆ, ಅದೇ ನನ್ನ ಮೊದಲನೇ ನೌಕರಿ. ಮಿಸ್ಡ್ ಕಾಲ್ ಕೊಟ್ಟು ಕೊಟ್ಟು ಸಂಸಾರ ಮಾಡೋ ಕಾಲ ಅದು. ಸೇರಿ ಆರು ತಿಂಗಳಿಗೆ ಅವ್ವಗ ಲಕ್ವಾ ಹೊಡೀತು, ಬಲಗೈ, ಬಲಗಾಲು ಎರಡೂ ಹೋದವು. ಅದೇ ವರ್ಷ, ಇಲ್ಲ ಅದರ ಮರುವರ್ಷ, ಅಪ್ಪಗ ಔರಂಗಾಬಾದಿಗೆ ವರ್ಗ ಆತು. ಈಗಿನ ಸಂಭಾಜಿನಗರ, ಆಗ ಎಲ್ಲಾರೂ ಔರಂಗಾಬಾದ್ ಅಂತಿದ್ದೆವು. ನಿಮ್ಮಪ್ಪ ಕಲಬುರಗಿದಾಗ ಹಾಸ್ಟೆಲಿನಾಗಿದ್ದ. ಉಳಿದವಳು ನಾ ಒಬ್ಬಾಕಿ. ಮುಂಜಾನೆದ್ದು ಅವ್ವನ ಮೈ ತೊಳಿಸಿ, ಎಡಗೈಗೆ ಸಿಗೋ ಹಂಗ ರೊಟ್ಟಿ ಚೂರು ಮಾಡಿಟ್ಟು, ಹೊರಗಿಂದ ಕೀಲಿ ಹಾಕಿ, ಕೀಲಿ ಬಾಜೂಮನಿಯವರಿಗೆ ಕೊಟ್ಟು ಬಸ್ ಹಿಡೀತಿದ್ದೆ. ನೀವು ಈಗ ಟೆನ್ಶನ್ ಟೆನ್ಶನ್ ಅಂತೀರಲ್ಲ, ಹೊರಗ ನಿಂತು ತಾಯಿಗೆ ಕೀಲಿ ಹಾಕಿ ನೋಡ್ರಿ. ಅಪ್ಪ ಶನಿವಾರ ಕೆಂಪ ಬಸ್ಸಿನಾಗ ಬಂದು ರವಿವಾರ ಸಂಜಿಗೆ ಹೋಗೋರು. ಅವ್ವ ದಿನಾ ಎದ್ದಕೂಡ್ಲೆ ಕೇಳ್ತಿದ್ದ ಮಾತು ಒಂದೇ, ಇವತ್ತ ಯಾವ ವಾರ? ನಾ ಮಂಗಳವಾರ ಅಂದ್ರ ಗ್ವಾಡಿ ಕಡೆ ಹೊಳ್ಳತಿದ್ಲು. ಅಪ್ಪನ್ನ ವಾಪಸ್ ನಾಶಿಕಕ್ಕ ತರಬೇಕು, ನನ್ನ ತಲ್ಯಾಗ ಬ್ಯಾರೆ ಏನೂ ಇರಲಿಲ್ಲ.

ಅಷ್ಟರಾಗ ನಮ್ಮ ಪೇಪರಿನ ಸಂಪಾದಕಜೀ ಎಲೆಕ್ಷನ್ನಿಗೆ ನಿಂತರು. ಏನ್ ಹೇಳ್ಲಿ! ಜೀಪಿನ ಮ್ಯಾಲೆ ಆಳೆತ್ತರದ ಥರ್ಮಾಕೋಲ್ ಪೆನ್ನು. ಸಾತಪುರದ ಫ್ಯಾಕ್ಟರಿ ಗೇಟಿನ ಮುಂದ, ಶಿಫ್ಟ್ ಬಿಡೋ ಹೊತ್ತಿಗೆ ಸರಿಯಾಗಿ ಜೀಪ್ ಅಡ್ಡ ನಿಲ್ಲಿಸಿ ಭಾಷಣ. ಪಾಪ ಆ ಮಂದಿ ಸ್ಕೂಟರ್ ಮ್ಯಾಲೆ ದಾರಿ ಸಿಗದೆ ನಿಂತಿರ್ತಿದ್ರು, ಹಾರ್ನ್ ಹೊಡೀತಿದ್ರು. ಮರುದಿನ ಪೇಪರಿನಾಗ ಏನು? ಸಾವಿರಾರು ಕಾರ್ಮಿಕರು ಮನಿಗೆ ಹೋಗೋದು ಮರೆತು ನಿಂತು ಭಾಷಣ ಕೇಳಿದರು! ಮರುದಿನ ಅಂದೆ ಅಲ್ಲ, ಬರೆದದ್ದು ಅವತ್ತೇ ಮುಂಜಾನೆ. ಭಾಷಣ ಸಂಜಿಗೆ, ಅದರ ವರದಿ ಟೈಪ್ ಮಾಡಿ ಮುಗಿಸಿ ನಾ ಹನ್ನೆರಡಕ್ಕ ಊಟದ ಡಬ್ಬಿ ತೆಗೀತಿದ್ದೆ.

ಆರಿಸಿ ಬಂದರು. ಪೇಪರ್ ಆಫೀಸಿನ ಮಾಳಗಿನೇ ಎಂಪಿ ಆಫೀಸಾತು, ನಾ ಟೈಪ್ ಮಾಡೋದು ಸುದ್ದಿ ಬಿಟ್ಟು ಪತ್ರ ಆತು. ಅವರು ಮಾತ್ರ ಬದಲಾಗಲಿಲ್ಲ. ಒಬ್ಬ ಮುದುಕ ಬಂದ, ಗಟಾರದ ನೀರು ಅಡಿಗಿಮನಿತನ ಬರ್ತದ ಅಂತ. ಇವರು ಕಣ್ಣು ಮುಚ್ಚಿ, ಬೆರಳೆತ್ತಿ, "ಗಣರಾಜ್ಯದ ಅಡಿಗಿಮನ್ಯಾಗ ಗಟಾರ" ಅಂದು ಬರಕೊಂಡ್ರು. ಮುದುಕ ಖುಷಿಯಿಂದ ಹೋದ. ಗಟಾರ ಎಲ್ಲಿಗೆ ಹೋಗಬೇಕು, ಅಲ್ಲೇ ಇತ್ತು. ನಾ ನಗ್ತಿದ್ದೆ, ನನ್ನ ಪಾಳಿ ಬರೋತನಕ.

ಒಂದಿನ ಧೈರ್ಯ ಮಾಡಿ ಕೇಳಿದೆ. ಸರ್, ನಮ್ಮವ್ವಗ ಹಿಂಗಾಗ್ಯದ, ಅಪ್ಪ ಅಲ್ಲಿದ್ದಾರ, ವಾಪಸ್ ಕಳಸ್ರಿ ಅಂತ ಅವರ ಸಾಹೇಬರಿಗೆ ನಿಮ್ಮದೊಂದು ಚೀಟಿ...

"ಚೀಟಿ?" ಅಂದ್ರು. ಮುಖ ಹೆಂಗ ಮಾಡಿದ್ರು ಅಂದ್ರ ನಾ ಬೀಡಿ ಕೇಳ್ದಂಗ. "ಚೀಟಿ ಕೊಡಲಿಕ್ಕೆ ನಾನೇನು ಉಳಿದ ಎಂಪಿಗಳಂಗ ಏನು? ಇದು ನಿಮ್ಮೊಂದು ಮನಿ ಮಾತಲ್ಲವ್ವ. ದೇಶದಾಗ ಇಂಥ ಎಷ್ಟು ಮನಿ ಅವ! ನಾ ಸದನದಾಗ ಪ್ರಶ್ನೆ ಕೇಳ್ತೀನಿ."

ನಾ ಏನ್ ಮಾಡಿದೆ ಗೊತ್ತೇನು? ಕಣ್ಣಾಗ ನೀರು ತಂದೆ. ನಮ್ಮವ್ವನ ಸಲುವಾಗಿ ದಿಲ್ಲಿದಾಗ ಪ್ರಶ್ನೆ! ಟೈಪ್ ಮಾಡಿದಾಕಿ ನಾನೇ, ಮ್ಯಾಲೆ ಹೆಡ್ಡಿಂಗ್ ಕೊಟ್ಟಾಕಿನೂ ನಾನೇ. ಗಂಡ ಹೆಂಡತಿ ಅಗಲಿಸೋ ವರ್ಗಾವಣೆ ನೀತಿ. ಅವರು ಓದಿ, "ಶಾಬ್ಬಾಸ್, ನೀ ನನ್ನಕಿಂತ ಛಲೋ ಬರೀತಿ" ಅಂದ್ರು. ಎರಡು ದಿನ ಹವಾದಾಗ ಇದ್ದೆ.

ಪ್ರಶ್ನೆ ಛಾಪಿಸಿದ ಕಾಗದ ದಿಲ್ಲಿಯಿಂದ ಬಂತು. ಅವ್ವನ ಹಾಸಿಗಿ ಮ್ಯಾಲೆ ಹರವಿ, ಓದಿ, ಕನ್ನಡದಾಗ ತಿಳಿಸಿ ಹೇಳಿದೆ. ಅವ್ವ ಎಡಗೈಲೆ ಕಾಗದ ಸವರಿದಳು. ಆಗ ಮಾತು ಸ್ವಲ್ಪ ತೊದಲ್ತಿತ್ತು.

"ಇದರಾಗ ನಿಮ್ಮಪ್ಪ ಎಲ್ಲಿ ಅದಾನ?"

ಇರಲಿಲ್ಲವ್ವ ಈಶಾ, ಅಪ್ಪನೂ ಇರಲಿಲ್ಲ, ಅವ್ವನೂ ಇರಲಿಲ್ಲ. ಉತ್ತರ ಏನು ಕೊಟ್ಟಿತ್ತು ಸರ್ಕಾರ? ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು.

ಆ ಶನಿವಾರ ಅಪ್ಪ ಬಂದರು. ಚಪ್ಪಲ್ ಸುದ್ದಾ ಬಿಡಲಿಲ್ಲ, ಬಾಗಲದಾಗೇ ಕೂತರು. ಅವರ ಹೆಡ್ ಕ್ಲರ್ಕ್ ಕರೆದು ಹೇಳಿದ್ದನಂತ, ರಾವಸಾಹೇಬ, ನಿಮ್ಮ ಅರ್ಜಿ ಒಪ್ಪಿಗಿ ಆಗಿ ಸಹಿಗೆ ಹೋಗಿತ್ತು, ಸೋಮವಾರ ಆರ್ಡರ್ ನಿಮ್ಮ ಕೈಯಾಗ ಇರ್ತಿತ್ತು, ಯಾವನೋ ಪುಣ್ಯಾತ್ಮ ಪಾರ್ಲಿಮೆಂಟಿನಾಗ ವರ್ಗಾವಣೆ ಬಗ್ಗೆ ಪ್ರಶ್ನೆ ಹಾಕ್ಯಾನ, ಮಾಹಿತಿ ಹೋಗೋತನ ಯಾರನ್ನೂ ಅಲುಗಾಡಿಸಬ್ಯಾಡ್ರಿ ಅಂತ ಮ್ಯಾಲಿಂದ ಬಂದದ. ಅಪ್ಪ ಅರ್ಜಿ ಹಾಕಿದ್ದು ನಮಗ್ಯಾರಿಗೂ ಹೇಳಿರಲಿಲ್ಲ, ಆದಮ್ಯಾಲೆ ಹೇಳೋಣ ಅಂತ. ನಾನೂ ಹೇಳಿರಲಿಲ್ಲ, ಆದಮ್ಯಾಲೆ ಹೇಳೋಣ ಅಂತ. ಆ ಪುಣ್ಯಾತ್ಮ ಯಾರು ಅಂತ ನಾ ಹೇಳಿದೆ. ಅಪ್ಪ ಬೈಲಿಲ್ಲ. ಅವ್ವನ ಕಡೆ ನೋಡಿ, ಇವತ್ತ ಶನಿವಾರ ಅಲ್ಲೇನು, ಬಂದೀನಿ ನೋಡು ಅಂದರು.

ಒಂದು ವರ್ಷ ಕಾದೆವು, ಮಾಹಿತಿ ಸಂಗ್ರಹ ಆಗ್ಲಕತ್ತಿತ್ತು. ಕಡೀಕ ನಾ ನೌಕರಿ ಬಿಟ್ಟೆ, ಬಾಡಿಗಿ ಜೀಪಿನ ಹಿಂದಿನ ಸೀಟಿನಾಗ ಗಾದಿ ಹಾಸಿ ಅವ್ವನ್ನೇ ಔರಂಗಾಬಾದಿಗೆ ಒಯ್ದೆವು. ಸರ್ಕಾರ ಅಪ್ಪನ್ನ ಅಲುಗಾಡಿಸಲಿಲ್ಲ, ನಾವು ಅವ್ವನ್ನ ಅಲುಗಾಡಿಸಿದೆವು, ದಾರಿ ಉದ್ದಕ್ಕೂ ನರಳಿದಳು. ಅಲ್ಲಿ ನಾ ಹುಡುಗರಿಗೆ ಟ್ಯೂಶನ್ ಹೇಳಿದೆ. ಅವ್ವ ಮತ್ತ ಮೂರು ವರ್ಷ ಬದುಕಿದಳು. ಒಂದು ಸಲ ವೇರೂಳಿಗೂ, ನೀವು ಎಲ್ಲೋರಾ ಅಂತೀರಲ್ಲ ಅಲ್ಲಿಗೂ ಹೋಗಿಬಂದ್ಲು, ಅಪ್ಪನ ಹೆಗಲ ಹಿಡಕೊಂಡು ಘೃಷ್ಣೇಶ್ವರನ ಬಾಗಲತನ. ವಾರ ಯಾವುದು ಅಂತ ಕೇಳೋದು ಬಿಟ್ಟಿದ್ಲು.

ಸಂಪಾದಕಜೀ ಮುಂದಿನ ಎಲೆಕ್ಷನ್ನಿಗೆ ಸೋತರು. ಡಿಪಾಜಿಟ್ ಉಳೀತು ಅನ್ರಿ. ಮತ್ತ ಬಂದು ಅದೇ ಕುರ್ಚಿಮ್ಯಾಲೆ ಕೂತು, ಸಂಸತ್ತಿನಾಗ ಕೇಳಿದ ಪ್ರಶ್ನೆಗೆ ಉತ್ತರ ಬರೋದಿಲ್ಲ, ಇದಕ್ಕ ಯಾರು ಹೊಣಿ ಅಂತ ಸಾಲುಸಾಲಾಗಿ ಬರೀಲಿಕ್ಕೆ ಹತ್ತಿದರು. ನನಗೂ ಫೋನ್ ಮಾಡಿದ್ರು, ನಿಮ್ಮ ತಂದಿಯವರ ಪ್ರಕರಣ ಭಾಳ ಛಲೋ ಅದ, ಫೋಟೋ ಸಮೇತ ಹಾಕ್ತೀನಿ ಅಂತ. ಅಪ್ಪ ಬಾಜೂಕ ಕೂತು ಶೇಂಗಾ ಸುಲೀತಿದ್ರು. ಫೋನಿಗೆ ಕೈ ಅಡ್ಡ ಹಿಡಿದು, ಏನ್ ಹೇಳ್ಲಿ ಅಂದೆ.

"ಬ್ಯಾಡ ಅನ್ನು. ನಾಕು ವರ್ಷಕ್ಕ ರಿಟೈರ್ ಆಗ್ತೀನಿ, ಅದನ್ನೂ ನಿಲ್ಲಿಸಿಗಿಲ್ಲಿಸ್ಯಾರು."

ಅದಕ್ಕ ಹೇಳೋದು. ಕೆಲಸ ಅಂತ ಬಿದ್ರ ಮೊದಲ ಹೆಡ್ ಕ್ಲರ್ಕಿನ ಕಡೆ ಹೋಗಿ, ಅಣ್ಣಾ, ನಮ್ಮ ಕಾಗದ ಎಲ್ಲಿತನ ಬಂತು ಅಂತ ಮೆತ್ತಗ ಕೇಳ್ಬೇಕು. ದಿಲ್ಲಿ ಎಲ್ಲೂ ಓಡಿ ಹೋಗಂಗಿಲ್ಲ.