ಹುಚ್ಚರಂಗಯ್ಯ ಕೊಡದ ಬೆಲ್ಟು

ಮಾಯಸಂದ್ರದಲ್ಲಿ ಕೊನೇ ಬಸ್ಸು ಇಳಿದಾಗ ರಾತ್ರಿ ಒಂಬತ್ತೂವರೆ. ಅಲ್ಲಿಂದ ಊರಿಗೆ ಎರಡು ಮೈಲಿ, ತೋಟದ ದಾರಿ. ಮುಂದೆ ಕೆಂಚಪ್ಪ, ಹೆಗಲ ಮೇಲೆ ಗೋಣಿಚೀಲ. ಹಿಂದೆ ಅವನ ಹೆಂಡತಿ ಪುಟ್ಟಗಂಗಮ್ಮ, ನಮ್ಮ ಚಿಕ್ಕವ್ವನ ಮಗಳು. ಅವಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದ ಮೂರು ವರ್ಷದ ಗಿರಿಜಾಂಬಿಕಾ. ಎಂಬತ್ತೊಂದನೇ ಇಸವಿಯ ಮಾತು.

ಹಳೇ ಕಪಿಲೆ ಬಾವಿಯ ಹತ್ತಿರ ಕೆಂಚಪ್ಪ ಬೀಡಿ ಹಚ್ಚಲು ನಿಂತ. ಚೀಲದೊಳಗಿಂದ ಸದ್ದು ಬಂತು.

ಟಪ್... ಟಪ್... ಟಪ್...

"ಏನ್ರೀ ಅದು?" ಗಂಗಮ್ಮ ಪಿಸುಗುಟ್ಟಿದಳು.

"ಮಿಷನ್ ಬೆಲ್ಟಿನ ಹುಕ್ಕು ಬಡಕಂತಾವೆ. ನಡಿಯೇ."

"ನೀವು ನಿಂತಿದ್ದೀರಲ್ರೀ..."

ಕೆಂಚಪ್ಪ ಬೀಡಿ ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡ.

ಅಷ್ಟರಲ್ಲಿ ಮಗು ನಿದ್ದೆಯಲ್ಲೇ ಗೊಣಗಿತು. "ಅವ್ವಾ, ನನ್ ಕೂದ್ಲು ಬುಡು..."

ಗಂಗಮ್ಮನ ಎರಡು ಕೈಯೂ ಮಗುವಿನ ತೊಡೆಯ ಕೆಳಗಿದ್ದವು.

ಆ ಬೆಲ್ಟು ಅವರ ಕೈಗೆ ಬಂದದ್ದು ಹೇಗೆ ಅಂತ ಮೊದಲು ಹೇಳಬೇಕು. ಚಿಕ್ಕನಾಯಕನಹಳ್ಳಿ ಕಡೆ ಹುಚ್ಚರಂಗಯ್ಯ ಅನ್ನುವವನ ಹಿಟ್ಟಿನ ಮಿಷನ್ನು ಮೂರು ವರ್ಷದಿಂದ ನಿಂತುಹೋಗಿತ್ತು. ಕೆಂಚಪ್ಪನ ಊರಿನ ಹೆಂಗಸರೋ ರಾಗಿ ಹೊತ್ತು ಮಾಯಸಂದ್ರಕ್ಕೆ ನಡೆದು ಕಾಲು ಸವೆಸುತ್ತಿದ್ದರು. ಮನೆಯ ಕೊಟ್ಟಿಗೆಯಲ್ಲೇ ಮಿಷನ್ ಕೂರಿಸೋಣ ಅಂತ ಗಂಡ ಹೆಂಡತಿ ಹೋಗಿ ಮಾತು ಮುಗಿಸಿದರು. ಮಿಷನ್ನು ಟ್ರ್ಯಾಕ್ಟರ್ ಏರಿತು. ಹುಚ್ಚರಂಗಯ್ಯ ಒಂದೇ ಮಾತು ಹೇಳಿದ್ದ.

"ಕಲ್ಲು, ಪುಲ್ಲಿ, ಮೋಟ್ರು, ಎಲ್ಲಾ ತಗಂಡೋಗಿ. ಗೋಡೆ ಮೇಲಿರೋ ಬೆಲ್ಟ್ ಮಾತ್ರ ಮುಟ್ಟಬ್ಯಾಡಿ. ಅದನ್ನ ಸುಡ್ಬೇಕು."

ಮೂರು ವರ್ಷದಿಂದ ಸುಡದವನು ಇವತ್ತು ಸುಡುತ್ತಾನಂತೆ! ಯಾಕೆ ಅಂತ ಕೇಳಿದರೆ ಬಾಯಿಗೆ ಬೀಗ. ಅವನು ಮಜ್ಜಿಗೆ ತರಲು ಒಳಗೆ ಹೋದದ್ದೇ ತಡ, ಗಂಗಮ್ಮ ಬೆಲ್ಟನ್ನು ಮೊಳೆಯಿಂದ ಇಳಿಸಿ, ಸುರುಳಿ ಸುತ್ತಿ ಚೀಲಕ್ಕೆ ತುರುಕಿದಳು. ಮಟ್ಟೆ, ಗರಿ, ಕರಟ, ನಾರು, ಒಂದನ್ನೂ ಎಸೆದು ಗೊತ್ತಿಲ್ಲದ ತೆಂಗಿನ ಸೀಮೆಯ ಹೆಂಗಸು. ಇಷ್ಟು ಗಟ್ಟಿ ಚರ್ಮ ಬೂದಿಯಾಗಲು ಬಿಟ್ಟಾಳೆಯೇ? ಬೆಲ್ಟಿನಿಂದ ಹರಳೆಣ್ಣೆ ವಾಸನೆ ಗಮ್ಮಂತ ಬಂತು. ಚರ್ಮ ಒಣಗದಿರಲಿ ಅಂತ ಹಚ್ಚುತ್ತಾರೆ, ಅದರಲ್ಲೇನು ಅಂದುಕೊಂಡಳು.

ಮಿಷನ್ ರಿಪೇರಿಗೆ ತಿಪಟೂರಿನಿಂದ ಮುನಾಫ್ ಸಾಬರು ಬಂದರು. ಎಂಟು ದಿನ ಕೆಲಸ. ಸೀಮೆಎಣ್ಣೆ ಹಾಕಿ, ಉಪ್ಪುಕಾಗದದಲ್ಲಿ ಉಜ್ಜಿ ತುಕ್ಕು ತೆಗೆದರು. ಹೊಸ ಬೇರಿಂಗ್ ಕೂರಿಸಿದರು. ನೆಲಕ್ಕೆ ಸಿಮೆಂಟು ಹಾಕಿ ಬೋಲ್ಟು ಬಿಗಿದರು. ಕೊನೆಗೆ ಎರಡು ಕಲ್ಲನ್ನೂ ಮಗುಚಿ ಉಳಿಯಿಂದ ಹಲ್ಲು ಹೊಡೆದರು. ಚಿಣ್... ಚಿಣ್... ಚಿಣ್... ಶನಿವಾರ ಸಂಜೆಗೆ ಎಲ್ಲಾ ತಯಾರು.

"ಬೆಲ್ಟ್ ಕೊಡಿ ತಾಯಿ."

ಗಂಗಮ್ಮ ಅಟ್ಟದಿಂದ ಚೀಲ ಇಳಿಸಿ ಸುರಿದಳು. ಸಾಬರು ಕೈ ಮುಂದೆ ಚಾಚಿದವರು ಹಿಂದಕ್ಕೆಳೆದುಕೊಂಡರು.

"ಇದನ್ನ ಹುಚ್ಚರಂಗಯ್ಯ ಕೊಟ್ರಾ?"

"ಹೂಂ."

"ಸುಳ್ಳು ಹೇಳ್ಬೇಡಿ ತಾಯಿ." ಸಾಬರು ಅಲ್ಲೇ ಕುಕ್ಕರಿಸಿದರು. "ಅವರ ಹೆಂಡ್ತಿ ಅಂಕಮ್ಮ... ತಲೆಗೆ ನೀರು ಹಾಕ್ಕಂಡು ಕೂದಲು ಬಿಟ್ಕಂಡು ಹಿಟ್ಟು ಗೋರ್ತಿದ್ರು. ಬೆಲ್ಟ್ ಹಿಡೀತು. ನಾನು ಅವತ್ತು ಪಕ್ಕದ ತೋಟದಲ್ಲಿ ಪಂಪು ಬಿಚ್ಚಿದ್ದೆ, ಓಡಿ ಬಂದೆ. ತಲೆ ಚರ್ಮ ಹುಬ್ಬಿನವರೆಗೂ ಕಿತ್ತು ಬಂದಿತ್ತು. ಜೀವ ಇತ್ತು ತಾಯಿ. 'ಜಡೆ ಹಾಕ್ಬೇಕು, ಜಡೆ ಹಾಕ್ಬೇಕು' ಅಂತಾನೇ ಪ್ರಾಣ ಬಿಟ್ರು. ಬಿಡಿಸೋಕೆ ಈ ಬೆಲ್ಟನ್ನ ನಾನೇ ಎರಡು ಕಡೆ ಕುಯ್ದಿದ್ದು..."

ಹೇಳುತ್ತಾ ಬೆಲ್ಟಿನ ಉದ್ದಕ್ಕೂ ಬೆರಳಾಡಿಸಿದರು. ಒಂದು ಸುತ್ತು... ಎರಡು ಸುತ್ತು. ಎರಡು ತುದಿ ಸೇರಿಸಿ ಹುಕ್ಕು ಹಾಕಿದ ಹಳೇ ಜಾಗ ಒಂದನ್ನು ಬಿಟ್ಟರೆ ಎಲ್ಲೂ ಕುಯ್ದ ಗುರುತಿಲ್ಲ. ಸಾಬರ ಮುಖ ಸುಣ್ಣವಾಯಿತು.

"ಸೋಮವಾರ ತುಮಕೂರಿಂದ ಹೊಸ ಬೆಲ್ಟ್ ತರ್ತೀನಿ. ಅಲ್ಲೀವರ್ಗೂ ಮಿಷನ್ ಮುಟ್ಟಬೇಡಿ ಕೆಂಚಪ್ಪಣ್ಣ. ನಿಮಗೆ ಕೈ ಮುಗೀತೀನಿ."

ಅವರು ಹೋದ ಮೇಲೆ ಗಂಗಮ್ಮ ಮೂಗು ಮುರಿದಳು. "ಚರ್ಮ ಕಂಡ್ರೆ ಸಾಬ್ರಿಗೆ ಚಳಿ ಜ್ವರ. ನಾಳೆ ಬೆಳಿಗ್ಗೆ ಬನ್ನಿ ಅಂತ ಊರಿಗೆಲ್ಲಾ ಹೇಳಿ ಕೂತಿದ್ದೀರಿ. ಬಾಗ್ಲಿಗೆ ಬಂದೋರಿಗೆ ಏನ್ ಕತೆ ಹೇಳ್ತೀರಿ?"

ಹಲ್ಲು ಹೊಡೆದ ಕಲ್ಲಿಗೆ ಮೊದಲು ತೌಡು ಹಾಕಿ ತಿರುಗಿಸಬೇಕು. ಕಲ್ಲಿನ ಪುಡಿಯೆಲ್ಲಾ ಅದರ ಜತೆ ಬರುತ್ತೆ, ಅದನ್ನು ತಿಪ್ಪೆಗೆ ಹಾಕುತ್ತಾರೆ. ಅದಾಗದೆ ಯಾರ ರಾಗಿಯನ್ನೂ ಬೀಸುವಂತಿಲ್ಲ. ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟು ಆಗ ಬರುತ್ತಿದ್ದದ್ದು ರಾತ್ರಿ ಹತ್ತರ ಮೇಲೆ. ಮಗು ಒಳಮನೆಯಲ್ಲಿ ಮಲಗಿತ್ತು. ಕೆಂಚಪ್ಪ ಬೆಲ್ಟು ಏರಿಸಿ ಸ್ವಿಚ್ಚು ಒತ್ತಿದ.

ಮೋಟರು ಗುಂಯ್ ಅಂತು. ಕಲ್ಲು ಗರಗರ ಅಂತು. ಬೆಲ್ಟು... ಟಪ್ ಟಪ್ ಟಪ್ ಟಪ್.

"ನೋಡಿದ್ರಾ? ಏನಾಯ್ತು?" ಗಂಗಮ್ಮ ನಕ್ಕು, ಕೆಳಗೆ ಸುರಿಯುತ್ತಿದ್ದ ತೌಡಿಗೆ ಕೈ ಒಡ್ಡಿದಳು. ನುಣ್ಣಗಿದೆಯೋ ತರಿಯೋ ನೋಡಲು.

ಒದ್ದೆ. ಬೆಚ್ಚಗೆ.

ಬಲ್ಬಿನ ಬೆಳಕಿಗೆ ಹಿಡಿದಳು. ಕೈ ಮಣಿಕಟ್ಟಿನವರೆಗೆ ಕೆಂಪು.

ಗಂಡನನ್ನು ಕೂಗಲು ತಿರುಗಿದಳು. ಬೆಲ್ಟಿಗೆ ಬೆನ್ನು ಮಾಡಿ, ಚಕ್ಕಳಮಕ್ಕಳ ಹಾಕಿಕೊಂಡು, ತಲೆ ತುಸು ತಗ್ಗಿಸಿ ಮಗು ಕೂತಿತ್ತು. ದಿನಾ ಬೆಳಿಗ್ಗೆ ಬಾಚಿಸಿಕೊಳ್ಳಲು ಅವ್ವನ ಮುಂದೆ ಕೂರುವ ಹಾಗೇ.

"ಗಿರಿಜೀ!"

"ತಡಿಯವ್ವಾ. ಜಡೆ ಹಾಕ್ತಾವ್ಳೆ."

ಸಂಪಿಗೆ ಊರಿನ ಸ್ವಾಮಿಗೆ ಮುಡಿ ಹರಕೆ ಇದ್ದದ್ದರಿಂದ ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು. ಅದು ಗಾಳಿಯಲ್ಲಿ ಮೂರು ಕಾಲಾಗಿ ಸೀಳಿ, ಬೆಲ್ಟಿನ ಕಡೆ ಸೆಟೆದು ನಿಂತಿತ್ತು.

ಕೆಂಚಪ್ಪ ಸ್ವಿಚ್ಚು ಆರಿಸಿದ. ಮೋಟರಿನ ಸದ್ದು ಸತ್ತಿತು. ಬೆಲ್ಟು ನಿಲ್ಲಲಿಲ್ಲ. ಹಾರೆ ಹಿರಿದು ಪುಲ್ಲಿಗೆ ಚುಚ್ಚಿದ. ಪುಲ್ಲಿ ಹಾರೆಯನ್ನೂ ಅವನನ್ನೂ ಸೇರಿಸಿ ತಿರುವಿ ಗೋಡೆಗೆ ಬಡಿಯಿತು. ಲಟಕ್... ಬಲಗೈ ಮೂಳೆ ಮೊಣಕೈ ಹತ್ತಿರ ಚರ್ಮ ಸೀಳಿ ಹೊರಗೆ ಬಂತು.

ಮಗು ಕೂತ ಹಾಗೇ ಹಿಂದಕ್ಕೆ ಜಾರುತ್ತಿತ್ತು. ಗಂಗಮ್ಮ ಹಾರಿ ಅದರ ಕಾಲು ಹಿಡಿದಳು. ಎಳೆದಳು. ಆ ಕಡೆಯ ಎಳೆತ ಇವಳ ಎರಡರಷ್ಟಿತ್ತು. ಮಗುವಿನ ಹುಬ್ಬು ಮೇಲಕ್ಕೆ ಹೋಯಿತು. ಹಣೆಯ ಚರ್ಮ ಮೇಲಕ್ಕೆ ಹೋಯಿತು. ಕೂದಲಿನ ಬುಡದಲ್ಲಿ ರಕ್ತ ಸಾಸಿವೆ ಕಾಳಿನಂತೆ ಒಸರಿತು... ಆಗ ಮಗು ಚೀರಿತು.

ಗಂಗಮ್ಮ ಒಂದು ಕೈ ಬಿಟ್ಟು ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ಕಿತ್ತಳು. ಹರಕೆಯ ಕೂದಲು, ಕಬ್ಬಿಣ ಸೋಕಬಾರದು. ಸೋಕಿಸಿದಳು. ಎಡಗೈಯಲ್ಲಿ ಕೂದಲು ಬಾಚಿ ಹಿಡಿದು, ಕುತ್ತಿಗೆಯ ಹಿಂದೆ ಒಂದು ಸಲ, ಎರಡು ಸಲ, ಮೂರು ಸಲ ಗರಗರ ಕುಯ್ದಳು. ಕೂದಲಿನ ಜತೆ ತನ್ನ ಎಡಗೈಯ ಎರಡು ಬೆರಳೂ ಮೂಳೆವರೆಗೆ ಸೀಳಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಕೂದಲು ರಕ್ತ ಮೆತ್ತಿಕೊಂಡು ಗಂಟುಗಂಟಾಗಿ ಬೆಲ್ಟಿನ ಮೇಲೆ ಹಾರಿ ಬಿತ್ತು. ಬೆಲ್ಟು ಒಂದು ಸುತ್ತು ತಿರುಗಿತು. ಟಪ್...

ನಿಂತಿತು.

ಕೊಟ್ಟಿಗೆಯಲ್ಲಿ ಕೆಂಚಪ್ಪ ನರಳುವುದೊಂದೇ ಕೇಳುತ್ತಿತ್ತು. ಮಗು ಅವ್ವನ ಸೆರಗಿಗೆ ಮುಖ ಒತ್ತಿ ಬಿಕ್ಕಿತು. "ಇನ್ನೂ ತುದಿ ಕಟ್ಟಿರ್ಲಿಲ್ಲ... ಅರ್ಧಕ್ಕೇ ಕುಯ್ದುಬುಟ್ಟೆ..."

ಅವತ್ತೇ ಗಂಗಮ್ಮ ಕೊಟ್ಟಿಗೆಗೆ ಬೀಗ ಜಡಿದು ಬೀಗದಕೈಯನ್ನು ತಾಳಿ ಸರಕ್ಕೆ ಕಟ್ಟಿಕೊಂಡಳು. ಭಾನುವಾರ ರಾಗಿ ತಂದವರನ್ನೆಲ್ಲಾ ಬೈದು ವಾಪಸ್ಸು ಕಳಿಸಿದಳು. ಸೋಮವಾರ ಮುನಾಫ್ ಸಾಬರು ಬಂದ ಮೇಲೆಯೇ ಬಾಗಿಲು ತೆಗೆದದ್ದು. ಸುದ್ದಿ ಕೇಳಿ ಕೆಂಚಪ್ಪನನ್ನು ಸೇರಿಸಿದ್ದ ಆಸ್ಪತ್ರೆಗೂ ಹೋಗಿ, ಸಾಬರ ಹಿಂದೆಯೇ ಮನೆಗೆ ಬಂದಿದ್ದವಳು ನಾನು. ಆದ್ದರಿಂದ ನನಗೆ ಯಾರೂ ಬೇರೆ ಹೇಳಿಕೊಡಬೇಕಾಗಿಲ್ಲ.

ಸಾಬರು ದೇವರ ಹೆಸರು ಹೇಳುತ್ತಾ ಬೆಲ್ಟು ಇಳಿಸಿದರು. ಅಂಗಳದಲ್ಲಿ ಸೀಮೆಎಣ್ಣೆ ಹಾಕಿ ಸುಟ್ಟರು. ಸುಡುವ ಮೊದಲು ಹುಕ್ಕಿಗೆ ಸಿಕ್ಕಿಕೊಂಡಿದ್ದ ಮಗುವಿನ ಕೂದಲನ್ನು ಬಿಡಿಸಿ ಗಂಗಮ್ಮನ ಕೈಗೆ ಕೊಟ್ಟರು, ಹರಕೆಯದು ಅಂತ. ಅದನ್ನು ಆಮೇಲೆ ಗಂಡ ಹೆಂಡತಿ ಸಂಪಿಗೆಗೆ ಹೋಗಿ ಸ್ವಾಮಿಗೆ ಒಪ್ಪಿಸಿಯೂ ಬಂದರು. ಕೆಂಚಪ್ಪನ ಕೈ ಇವತ್ತಿಗೂ ಸೊಟ್ಟ. ನಂಬದವರು ಹೋಗಿ ನೋಡಿಕೊಂಡು ಬರಲಿ.

ಆ ಕೂದಲನ್ನು ನಾನೂ ಮುಟ್ಟಿದ್ದೇನೆ. ಒಂದು ಹನಿ ರಕ್ತವಿರಲಿಲ್ಲ. ಹರಳೆಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಮೂರು ಕಾಲಿನ ಜಡೆ ಬಿಗಿಯಾಗಿ ಹೆಣೆದಿತ್ತು. ತುದಿಗೆ ಕೆಂಪು ಟೇಪು. ಹೊಸದು... ಅಂಗಡಿಯಲ್ಲಿ ಮಡಿಸಿಟ್ಟಿದ್ದ ಗೆರೆ ಇನ್ನೂ ಹೋಗಿರಲಿಲ್ಲ.